ಎಷ್ಟು ಪರ್ಸೆಂಟ್ ಅನ್ನುವ ಮೊದಲು ಎಂಥ ಕೆಲಸ ಅಂತ ಹೇಳಿ: ಸ್ಥಳೀಯರ ಉದ್ಯೋಗ ಮಸೂದೆ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ,

ನಮಸ್ಕಾರ.

2024ರ ಜುಲೈ 15, ಸೋಮವಾರ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮಂಗಳವಾರ ಮುಖ್ಯಮಂತ್ರಿಗಳ ಎಕ್ಸ್ ಖಾತೆಯಲ್ಲಿ, ಸಿ ಮತ್ತು ಡಿ ದರ್ಜೆಯ, ಅಂದರೆ ಕೆಳಹಂತದ ಹುದ್ದೆಗಳೆಲ್ಲ ನೂರಕ್ಕೆ ನೂರು ಕನ್ನಡಿಗರಿಗೆ ಅಂತ ಪೋಸ್ಟ್ ಬಂತು. ಆಮೇಲೆ ಅದು ಕಾಣೆಯಾಯಿತು. ಆಡಳಿತದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಅನ್ನುವ ತಿದ್ದಿದ ಲೆಕ್ಕ ಬಂತು. ಅಷ್ಟರಲ್ಲಿ ಗದ್ದಲ ಶುರುವಾಗಿತ್ತು. ಐಟಿ ಕಂಪನಿಗಳ ಸಂಘ ನಾಸ್ಕಾಂ ಕಳವಳದ ಹೇಳಿಕೆ ಕೊಟ್ಟಿತು. ಇನ್ಫೋಸಿಸ್‌ನಲ್ಲಿದ್ದ ಮೋಹನ್‌ದಾಸ್ ಪೈ ಅವರು ಇದು ಫ್ಯಾಸಿಸ್ಟ್ ಮಸೂದೆ ಅಂದರು. ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮ ಕಂಪನಿಗಳನ್ನು ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕರೆದೇಬಿಟ್ಟರು. ಬುಧವಾರ ಮಸೂದೆಗೆ ತಡೆ ಬಿತ್ತು. ಮುಂದಿನ ಸಂಪುಟ ಸಭೆಯಲ್ಲಿ ಚರ್ಚಿಸುತ್ತೇವೆ ಅಂದಿರಿ.

ಮೂರು ದಿನ. ರಾಜ್ಯದ ಲಕ್ಷಾಂತರ ಹುಡುಗ ಹುಡುಗಿಯರ ಅನ್ನದ ವಿಷಯಕ್ಕೆ ಸಿಕ್ಕಿದ ಸಾರ್ವಜನಿಕ ಚರ್ಚೆ ಇಷ್ಟೇ. ಟಿವಿಯಲ್ಲಿ ಒಂದು ಕಡೆ ಕನ್ನಡಪರ ಸಂಘಟನೆಯವರು, ಇನ್ನೊಂದು ಕಡೆ ಐಟಿ ಕಂಪನಿಯವರು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬನನ್ನೂ ಯಾವ ಚಾನೆಲ್ಲಿನಲ್ಲೂ ನಾನು ನೋಡಲಿಲ್ಲ.

ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಹೇಳಿಕೊಟ್ಟು ನಿವೃತ್ತನಾದವನು. ನನ್ನ ಕೈಯಲ್ಲಿ ಫೈಲು, ಅಂದರೆ ಅರ, ಹಿಡಿಯೋದು ಕಲಿತವರು ಪೀಣ್ಯದಲ್ಲಿದ್ದಾರೆ, ದಾಬಸ್‌ಪೇಟೆಯಲ್ಲಿದ್ದಾರೆ, ಬಿಡದಿಯಲ್ಲಿದ್ದಾರೆ, ಹೊಸೂರಿನಲ್ಲೂ ಇದ್ದಾರೆ. ಸ್ಥಳೀಯರಿಗೆ ಕೆಲಸ ಸಿಗಬೇಕು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ನೀವು ತಂದ ಮಸೂದೆ ನನ್ನ ಹುಡುಗರಿಗೆ ಕೆಲಸ ಕೊಡಿಸುತ್ತಿತ್ತು ಅನ್ನುವ ನಂಬಿಕೆ ನನಗೆ ಬರಲಿಲ್ಲ. ಯಾಕೆ ಅಂತ ಹೇಳೋಕೆ ಈ ಪತ್ರ.

ಮೊದಲು ಕರಡಿನಲ್ಲಿ ಏನಿತ್ತು ನೋಡೋಣ. ಸಾಕಷ್ಟು ಸ್ಥಳೀಯರು ಸಿಗದಿದ್ದರೆ ಕಂಪನಿ ಮೂರು ವರ್ಷದೊಳಗೆ ತರಬೇತಿ ಕೊಟ್ಟು ತಯಾರು ಮಾಡಬೇಕು. ಅದೂ ಆಗದಿದ್ದರೆ ವಿನಾಯಿತಿ ಕೇಳಬಹುದು. ವಿನಾಯಿತಿ ಸಿಕ್ಕರೆ ಶೇ 50 ಇದ್ದದ್ದು 25ಕ್ಕೆ ಇಳಿಯಬಹುದು, ಶೇ 70 ಇದ್ದದ್ದು 50ಕ್ಕೆ. ತಪ್ಪಿದರೆ ದಂಡ 10,000ದಿಂದ 25,000 ರೂಪಾಯಿ. ಆಮೇಲೂ ಪಾಲಿಸದಿದ್ದರೆ ದಿನಕ್ಕೆ 100 ರೂಪಾಯಿವರೆಗೆ. ಅಂದರೆ ವರ್ಷಕ್ಕೆ ಜಾಸ್ತಿ ಅಂದರೆ 36,500 ರೂಪಾಯಿ. ಸಾವಿರ ಜನ ಕೆಲಸ ಮಾಡುವ ಕಾರ್ಖಾನೆಗೆ ಇದು ದಂಡವೋ, ಲೈಸೆನ್ಸ್ ಫೀಸೋ? ಬಂಡವಾಳ ಓಡಿಹೋಗುತ್ತದೆ ಅಂತ ಹೆದರಿದವರೂ ಇದನ್ನು ಓದಿರಲಿಲ್ಲ, ಕನ್ನಡಿಗರಿಗೆ ಕೊನೆಗೂ ನ್ಯಾಯ ಸಿಕ್ಕಿತು ಅಂತ ಪಟಾಕಿ ಹೊಡೆದವರೂ ಓದಿರಲಿಲ್ಲ. ಮೂರು ದಿನದಲ್ಲಿ ಓದೋಕೆ ಯಾರಿಗೆ ಪುರುಸೊತ್ತು ಹೇಳಿ.

ಈಗ ನನ್ನ ಹುಡುಗರ ವಿಷಯಕ್ಕೆ ಬರ್ತೀನಿ.

ಐಟಿಐ ಮುಗಿಸಿದ ಹುಡುಗ ಕಂಪನಿ ಗೇಟಿಗೆ ಹೋಗುತ್ತಾನೆ. ಅಲ್ಲಿ ಕಂಪನಿಯವರು ಸಿಗೋದಿಲ್ಲ. ಗೇಟಿನ ಎದುರಿಗಿರುವ ಜೆರಾಕ್ಸ್ ಅಂಗಡಿ ಪಕ್ಕದಲ್ಲಿ ಒಂದು ಟೇಬಲ್ಲು, ಅದರ ಮೇಲೆ ಒಂದು ಕಟ್ಟು ಅರ್ಜಿ, ಹಿಂದೆ ಮ್ಯಾನ್‌ಪವರ್ ಏಜೆನ್ಸಿಯವನು. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ನಾಲ್ಕು ಫೋಟೋ. ಸಹಿ ಹಾಕುವ ಜಾಗಕ್ಕೆಲ್ಲ ಅವನೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿರುತ್ತಾನೆ. ಓದಬೇಕು ಅಂದರೆ, ‘ಎಲ್ಲರೂ ಹಾಕಿದಾರೆ, ಹಾಕಪ್ಪ’ ಅನ್ನುತ್ತಾನೆ. ಮರುದಿನದಿಂದ ಹುಡುಗ ಲೈನಿನಲ್ಲಿ ನಿಲ್ಲುತ್ತಾನೆ. ಕೊರಳಲ್ಲಿ ಟ್ಯಾಗ್. ಕಾಯಂ ನೌಕರರದ್ದು ಒಂದು ಬಣ್ಣ, ಗುತ್ತಿಗೆಯವರದ್ದು ಇನ್ನೊಂದು. ಒಂದೇ ಮಿಷನ್ನು, ಒಂದೇ ಟಾರ್ಗೆಟ್ಟು. ಸಂಬಳ ಮಾತ್ರ ಅರ್ಧಕ್ಕಿಂತ ಕಮ್ಮಿ.

ಒಬ್ಬ ಹಳೇ ವಿದ್ಯಾರ್ಥಿ ಮನೆಗೆ ಬಂದವನು ತನ್ನ ಪೇ ಸ್ಲಿಪ್ಪುಗಳನ್ನು ತೋರಿಸಿದ. ಅವನು ಕೆಲಸ ಮಾಡಿದ್ದು ಒಂದೇ ಕಾರ್ಖಾನೆಯಲ್ಲಿ, ಒಂದೇ ವಿಭಾಗದಲ್ಲಿ. ಸ್ಲಿಪ್ಪಿನ ತಲೆಬರಹದಲ್ಲಿ ಮಾತ್ರ ಏಜೆನ್ಸಿಯ ಹೆಸರು ಬದಲಾಗುತ್ತಾ ಹೋಗಿತ್ತು. ಏಜೆನ್ಸಿ ಬದಲಾದಾಗೆಲ್ಲ ಅವನು ಹೊಸಬ. ಮಧ್ಯೆ ಒಂದಷ್ಟು ದಿನ ಬ್ರೇಕ್, ಮತ್ತೆ ಹೊಸ ಸೇರ್ಪಡೆ. ಅವನು ಎಷ್ಟು ವರ್ಷದ ಅನುಭವಿ ಅಂತ ಕೇಳಿದರೆ ಯಾವ ಕಾಗದವೂ ಹೇಳೋದಿಲ್ಲ. ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕೈಗೆ ಬರಬೇಕಾದ ದುಡ್ಡು, ಇಲ್ಲ. ಬ್ಯಾಂಕಿಗೆ ಸಾಲ ಕೇಳೋಕೆ ಹೋದರೆ ‘ಪರ್ಮನೆಂಟಾ?’ ಅಂತ ಕೇಳ್ತಾರೆ. ಹೆಣ್ಣು ಕೇಳೋಕೆ ಹೋದರೂ ಅದನ್ನೇ ಕೇಳ್ತಾರೆ.

ಈ ಹುಡುಗ ಕನ್ನಡಿಗ. ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಮಾಧ್ಯಮದಲ್ಲೇ. ನಿಮ್ಮ ಶೇ 70ರ ಲೆಕ್ಕದಲ್ಲಿ ಇವನು ಸಲೀಸಾಗಿ ಒಂದು ಅಂಕಿ ಆಗ್ತಾನೆ. ಕಂಪನಿ ಕಾನೂನು ಪಾಲಿಸಿದ ಹಾಗೂ ಆಯ್ತು, ನೀವು ಮಾತು ಉಳಿಸಿಕೊಂಡ ಹಾಗೂ ಆಯ್ತು. ಅವನ ಬದುಕಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಆಗಲಿಲ್ಲ.

ನರಸಾಪುರ ನೆನಪಿದೆಯಾ? ಕೋಲಾರ ಜಿಲ್ಲೆಯಲ್ಲಿದ್ದ ವಿಸ್ಟ್ರಾನ್ ಕಾರ್ಖಾನೆ, ಐಫೋನ್ ಜೋಡಿಸುವ ಜಾಗ. 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನ ಸುಟ್ಟರು. ಸಂಬಳ ಸರಿಯಾಗಿ ಬರುತ್ತಿಲ್ಲ, ಹೇಳಿದ್ದು ಒಂದು ಕೊಟ್ಟಿದ್ದು ಒಂದು ಅನ್ನುವುದು ಅವರ ದೂರು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನಿಖೆಯಲ್ಲಿ ಏನು ಕಂಡಿತು? ಕೆಲವೇ ತಿಂಗಳಲ್ಲಿ ಸಾವಿರಾರು ಜನರನ್ನು ಹಲವು ಏಜೆನ್ಸಿಗಳ ಮೂಲಕ ತುಂಬಿಕೊಂಡಿದ್ದರು, ಹಾಜರಿ ಮತ್ತು ಸಂಬಳದ ವ್ಯವಸ್ಥೆ ಅದಕ್ಕೆ ತಕ್ಕ ಹಾಗೆ ಇರಲಿಲ್ಲ. ಕಂಪನಿ ಕಾರ್ಮಿಕರ ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಕಂಪನಿ ವಿಸ್ಟ್ರಾನನ್ನು ನಿಗಾದಲ್ಲಿ ಇಟ್ಟು ಹೊಸ ಆರ್ಡರ್ ಇಲ್ಲ ಅಂದಿತು. ಆಮೇಲೆ ಆ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು.

ಅಲ್ಲಿ ಕೆಲಸಕ್ಕಿದ್ದವರು ಯಾರು? ಕೋಲಾರದವರು, ಸುತ್ತಲಿನ ಜಿಲ್ಲೆಯವರು, ಉತ್ತರ ಕರ್ನಾಟಕದಿಂದ ಬಂದವರು. ಸ್ಥಳೀಯರಿಗೆ ಕೆಲಸ ಸಿಕ್ಕಿತ್ತು ಸ್ವಾಮಿ. ಸಿಕ್ಕಿದ್ದು ಎಂಥ ಕೆಲಸ ಅಂತ ಕೇಳುವವರು ಇರಲಿಲ್ಲ.

ಬಟ್ಟೆ ಕಾರ್ಖಾನೆಗಳ ಕಥೆಯೂ ಹೀಗೆಯೇ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ ಮುಂದೆ ಕೂತವರು ವರ್ಷಾನುಗಟ್ಟಲೆ ನಮ್ಮ ಮಂಡ್ಯ, ರಾಮನಗರ, ತುಮಕೂರು, ಕೋಲಾರದ ಹೆಣ್ಣುಮಕ್ಕಳೇ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದಾಗ ಹೊಸೂರು ರಸ್ತೆ, ಪೀಣ್ಯದಲ್ಲಿ ಬೀದಿಗಿಳಿದವರು ಇವರು. ಯಾವ ನಾಯಕನೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ದೆಹಲಿ ಆ ಆದೇಶವನ್ನು ವಾಪಸ್ ತೆಗೆದುಕೊಂಡಿತು. ಈಗ ಅದೇ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡ್‌ನ ಹುಡುಗಿಯರು ಬರುತ್ತಿದ್ದಾರೆ. ಹಾಸ್ಟೆಲಿನಲ್ಲಿ ಇರುತ್ತಾರೆ. ಸಂಜೆ ಮಗುವಿಗೆ ಹುಷಾರಿಲ್ಲ ಅಂತ ಮನೆಗೆ ಓಡೋದಿಲ್ಲ, ಹಬ್ಬಕ್ಕೆ ರಜೆ ಕೇಳೋದಿಲ್ಲ, ಭಾಷೆ ಗೊತ್ತಿಲ್ಲದ್ದರಿಂದ ಯೂನಿಯನ್ನಿನವರ ಜತೆ ಮಾತಾಡೋದೂ ಕಷ್ಟ. ಕಂಪನಿಗೆ ಅವರು ಬೇಕಾಗಿರೋದು ಹೊಲಿಗೆ ಚೆನ್ನಾಗಿ ಹಾಕ್ತಾರೆ ಅಂತ ಅಲ್ಲ.

ನನ್ನ ಮುಖ್ಯ ಮಾತು ಇದೇ. ಹೊರಗಿನವರನ್ನು ತೆಗೆದುಕೊಂಡರೆ ಅಗ್ಗ, ಎದುರು ಮಾತಾಡೋದಿಲ್ಲ ಅನ್ನುವ ಲಾಭ ಇರುವ ತನಕ ಯಾವ ಪರ್ಸೆಂಟೇಜ್ ಹಾಕಿದರೂ ಕಂಪನಿ ಒಂದು ಕಿಂಡಿ ಹುಡುಕುತ್ತದೆ. ಆ ಲಾಭವನ್ನೇ ತೆಗೆದುಹಾಕಿ. ಒಡಿಶಾದ ಹುಡುಗಿಗೂ ಮದ್ದೂರಿನ ಹುಡುಗಿಗೂ ಒಂದೇ ಕೂಲಿ, ಒಂದೇ ಶಿಫ್ಟು, ಒಂದೇ ರಜೆ ಇರಲಿ. ಗುತ್ತಿಗೆಯವನಿಗೂ ಕಾಯಂ ಇರುವವನಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಇರಲಿ. ಆಗ ನೋಡಿ, ಗೇಟಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಮನೆ ಇರುವವಳನ್ನು ಬಿಟ್ಟು ಎರಡು ಸಾವಿರ ಕಿಲೋಮೀಟರ್ ದೂರದಿಂದ ರೈಲಿನಲ್ಲಿ ಕರೆಸಿಕೊಂಡು ಹಾಸ್ಟೆಲ್ ಕಟ್ಟಿಸುವ ಖರ್ಚನ್ನು ಯಾವ ಮ್ಯಾನೇಜರ್ ಮಾಡ್ತಾನೆ?

ಇಲ್ಲಿ ನಿಮ್ಮ ದಾಖಲೆ ಚೆನ್ನಾಗಿಲ್ಲ. ‘ನಿಮ್ಮ’ ಅಂದರೆ ಎಲ್ಲ ಪಕ್ಷದವರದ್ದು. 2023ರ ಫೆಬ್ರವರಿಯಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನದ ಕೆಲಸವನ್ನು 12 ಗಂಟೆವರೆಗೆ ಎಳೆಯೋಕೆ ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರಬಾರದು ಅನ್ನುವ ಷರತ್ತು ಇದೆ, ನಿಜ. ಆದರೆ ಮನೆ, ಮಕ್ಕಳು ಇರುವ ಸ್ಥಳೀಯ ಹೆಂಗಸು 12 ಗಂಟೆ ಪಾಳಿ ಮಾಡೋಕಾಗುತ್ತಾ? ಹಾಸ್ಟೆಲ್ ಹುಡುಗಿ ಮಾಡ್ತಾಳೆ. ಕಾಂಗ್ರೆಸ್ ಬಂದ ಮೇಲೆ ಇದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬದಲಿಗೆ 2024ರ ಜುಲೈಯಲ್ಲಿ, ಸ್ಥಳೀಯರ ಮಸೂದೆ ಬಂದು ಹೋದ ಅದೇ ತಿಂಗಳಲ್ಲಿ, ಐಟಿ ಉದ್ಯೋಗಿಗಳ ದಿನದ ಕೆಲಸವನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ಕಾರ್ಮಿಕ ಇಲಾಖೆಯಲ್ಲಿ ಚರ್ಚೆಗೆ ಬಂತು. ಐಟಿ ನೌಕರರ ಸಂಘದವರು ಜೋರಾಗಿ ವಿರೋಧಿಸಿದರು. ಒಂದು ಕೈಯಲ್ಲಿ ಸ್ಥಳೀಯರಿಗೆ ಕೆಲಸ ಕೊಡಿ ಅನ್ನುವ ಮಸೂದೆ, ಇನ್ನೊಂದು ಕೈಯಲ್ಲಿ ಸ್ಥಳೀಯರು ಬದುಕೋಕೆ ಆಗದ ಹಾಗೆ ಪಾಳಿ. ಎರಡೂ ಒಂದೇ ಇಲಾಖೆಯ ಟೇಬಲ್ಲಿನ ಮೇಲೆ!

ಇನ್ನು ಕೋರ್ಟಿನ ವಿಷಯ. ಹರಿಯಾಣ ಈ ದಾರಿಯಲ್ಲಿ ಹೋಗಿ ಬಂದಿದೆ. ತಿಂಗಳಿಗೆ 30,000 ರೂಪಾಯಿವರೆಗಿನ ಸಂಬಳದ ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಅಂತ ಕಾನೂನು ಮಾಡಿ, 2022ರ ಜನವರಿ 15ರಿಂದ ಜಾರಿಗೆ ತಂದಿತು. 2023ರ ನವೆಂಬರ್ 17ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ಪೂರ್ತಿ ರದ್ದು ಮಾಡಿತು. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ ಖಾಸಗಿಯವರಿಗೆ ಹೀಗೆ ಅಪ್ಪಣೆ ಮಾಡೋಕೆ ರಾಜ್ಯಕ್ಕೆ ಅಧಿಕಾರ ಇಲ್ಲ ಅಂದಿತು. ಈ ತೀರ್ಪು ಬಂದು ಎಂಟು ತಿಂಗಳಾದ ಮೇಲೆ ನೀವು ಅದೇ ಧಾಟಿಯ ಮಸೂದೆ ತಂದಿರಿ. ಅದೂ ಸಂಬಳದ ಮಿತಿ ಇಲ್ಲದೆ, ಮ್ಯಾನೇಜರ್ ಹುದ್ದೆಯನ್ನೂ ಸೇರಿಸಿ. ನಿಮ್ಮ ಕಾನೂನು ಇಲಾಖೆಗೆ ಇದು ಗೊತ್ತಿರಲಿಲ್ಲ ಅಂದರೆ ನಂಬೋದು ಕಷ್ಟ. ಗೊತ್ತಿದ್ದೂ ತಂದಿರಿ ಅಂದರೆ, ಕೋರ್ಟ್ ಹೊಡೆದುಹಾಕಲಿ, ನಾವು ಪ್ರಯತ್ನ ಮಾಡಿದೆವು ಅಂತ ಹೇಳಿಕೊಳ್ಳೋಣ ಅನ್ನುವ ಲೆಕ್ಕಾಚಾರ ಇತ್ತು ಅನ್ನಿಸುತ್ತದೆ. ಕೆಟ್ಟ ಅನುಮಾನ ಇರಬಹುದು. ಆದರೆ ಹಳೆಯದನ್ನು ನೋಡಿದವರಿಗೆ ಇದು ಬಾರದೆ ಇರೋದಿಲ್ಲ.

ಹಳೆಯದು ಅಂದರೆ ಎಷ್ಟು ಹಳೆಯದು? ಗೋಕಾಕ್ ಚಳವಳಿಯ ಬೆನ್ನಿಗೇ, 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಕನ್ನಡಿಗರಿಗೆ ಕೆಲಸ ಸಿಗುವ ದಾರಿ ಹೇಳೋಕೆ ಸರೋಜಿನಿ ಮಹಿಷಿ ಸಮಿತಿ ಮಾಡಿತು. 1986ರಲ್ಲಿ ವರದಿ ಬಂತು. 58 ಶಿಫಾರಸು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ನವೆಂಬರ್ 1 ಬಂದು ಹೋದವು, ಎಷ್ಟು ಭಾಷಣದಲ್ಲಿ ಮಹಿಷಿ ವರದಿ ಅನ್ನುವ ಮಾತು ಬಂತು! ಮಹಿಷಿಯವರು 2015ರಲ್ಲಿ ತೀರಿಕೊಂಡರು. 2016ರ ಡಿಸೆಂಬರ್‌ನಲ್ಲಿ ಕಾರ್ಮಿಕ ಇಲಾಖೆ ಇನ್ನೊಂದು ಕರಡು ತಂದಿತು. ಐಟಿ, ಬಿಟಿ ಬಿಟ್ಟು ಉಳಿದ ಕಾರ್ಖಾನೆಗಳ ಕೆಳಹಂತದ ಕೆಲಸಗಳು ಪೂರ್ತಿ ಕನ್ನಡಿಗರಿಗೆ ಅಂತ. ಆಗ ಈ ಖಾತೆ ಇದ್ದದ್ದು ಸಂತೋಷ್ ಲಾಡ್ ಅವರ ಹತ್ತಿರ. 2024ರಲ್ಲೂ ಅವರ ಹತ್ತಿರವೇ. ಆ ಕರಡು ಏನಾಯಿತು ಅಂತ ಈ ಸಲದ ಮಸೂದೆ ತರುವಾಗ ಅವರಾಗಿಯೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಹಾಗಾದರೆ ರಾಜ್ಯದ ಕೈಯಲ್ಲಿ ಏನೂ ಇಲ್ಲವಾ? ಇದೆ. ಹೊಸ ಕಾನೂನೇ ಬೇಕಿಲ್ಲದಷ್ಟು ಇದೆ. ಸರ್ಕಾರ ತನ್ನ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ ಕೆಐಎಡಿಬಿ ಮೂಲಕ ರೈತರ ಜಮೀನು ತೆಗೆದುಕೊಂಡು ಕಂಪನಿಗೆ ಕೊಡುತ್ತದೆ. ಸ್ಟಾಂಪ್ ಡ್ಯೂಟಿ ಬಿಡುತ್ತದೆ, ಸಬ್ಸಿಡಿ ಕೊಡುತ್ತದೆ. ನಮ್ಮ ಕೈಗಾರಿಕಾ ನೀತಿಗಳಲ್ಲಿ ಒಟ್ಟಾರೆ ಶೇ 70 ಕೆಲಸ, ಡಿ ದರ್ಜೆಯಲ್ಲಿ ಶೇ 100 ಕನ್ನಡಿಗರಿಗೆ ಅನ್ನುವ ಷರತ್ತು ಬಹಳ ವರ್ಷಗಳಿಂದ ಇದೆ. 2014ರ ನೀತಿಯಲ್ಲೂ ಇತ್ತು, 2020ರ ನೀತಿಯಲ್ಲೂ ಇತ್ತು. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲೂ ಕನ್ನಡಿಗರ ಉದ್ಯೋಗದ ಮಾತಿದೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಕೇಳುವುದು ಬಲವಂತ ಅಲ್ಲ, ಕರಾರು. ಬೇಡ ಅನ್ನುವವರು ನಮ್ಮ ಜಮೀನು, ನಮ್ಮ ಸಬ್ಸಿಡಿ ತೆಗೆದುಕೊಳ್ಳದೆ ಇರಬಹುದಲ್ವಾ?

ಪ್ರಶ್ನೆ ಇಷ್ಟೇ: ಈ ಕರಾರು ಎಷ್ಟು ಕಂಪನಿ ಪಾಲಿಸಿದೆ? ಜಮೀನು, ಸಬ್ಸಿಡಿ ಪಡೆದ ಒಂದೊಂದು ಕಂಪನಿಯ ಹೆಸರಿನ ಮುಂದೆ, ಎಷ್ಟು ಎಕರೆ ಕೊಟ್ಟೆವು, ಎಷ್ಟು ಜನರಿಗೆ ಕೆಲಸ ಕೊಡ್ತೀನಿ ಅಂದಿದ್ದರು, ಎಷ್ಟು ಕೊಟ್ಟರು, ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಜಮೀನು ಕಳೆದುಕೊಂಡ ಮನೆಯವರು ಎಷ್ಟು ಅಂತ ಬರೆದು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ. ಕನ್ನಡದಲ್ಲಿ ಹಾಕಿ, ತಾಲ್ಲೂಕುವಾರು ಹಾಕಿ. ಮಸೂದೆ ಮತ್ತೆ ತರುವ ಮೊದಲು ಇದೊಂದು ಕೆಲಸ ಮಾಡಿ. ಲೆಕ್ಕ ಇಲ್ಲದೆ ಶೇ 50, ಶೇ 70, ಶೇ 100 ಅನ್ನೋದು ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೆ. ಈಗ ಕಾರ್ಖಾನೆಗಳ ಒಳಗೆ ಸ್ಥಳೀಯರು ಶೇ 40 ಇದ್ದಾರೋ ಶೇ 85 ಇದ್ದಾರೋ ಅಂತ ಜನರ ಮುಂದೆ ಇಡದೆ ಚರ್ಚೆ ಮಾಡು ಅಂದರೆ ಜನ ಏನು ಚರ್ಚೆ ಮಾಡ್ತಾರೆ? ಕೂಗಾಡ್ತಾರೆ ಅಷ್ಟೇ. ಜುಲೈನಲ್ಲಿ ಆದದ್ದೂ ಅದೇ.

ಐಟಿಯವರ ವಾದದ ಬಗ್ಗೆ ಜಾಸ್ತಿ ಹೇಳೋಕೆ ಹೋಗೋದಿಲ್ಲ. ಪ್ರತಿಭೆ ಬೇಕು, ಪರ್ಸೆಂಟೇಜ್ ಹಾಕಿದರೆ ಕಂಪನಿ ಬೇರೆ ಕಡೆ ಹೋಗುತ್ತದೆ ಅನ್ನುತ್ತಾರೆ. ಮೇಲಿನ ಹಂತದ ತಾಂತ್ರಿಕ ಕೆಲಸಕ್ಕೆ ಇದು ಸರಿ ಇರಬಹುದು. ಬಯೋಕಾನ್ ಕಂಪನಿಯ ಕಿರಣ್ ಮಜುಂದಾರ್ ಷಾ ಅವರು ಕೇಳಿದ್ದೂ ಅಷ್ಟೇ, ಹೆಚ್ಚು ಕೌಶಲ ಬೇಕಾದ ಹುದ್ದೆಗಳಿಗೆ ವಿನಾಯಿತಿ ಇರಲಿ ಅಂತ. ಆದರೆ ಅದೇ ಕ್ಯಾಂಪಸ್ಸಿನ ಸೆಕ್ಯೂರಿಟಿ, ಕ್ಯಾಂಟೀನು, ಹೌಸ್‌ಕೀಪಿಂಗ್, ಕ್ಯಾಬ್ ಓಡಿಸೋದಕ್ಕೆ ಯಾವ ಪ್ರತಿಭೆಯ ಕೊರತೆ ಇದೆ? ಅಲ್ಲೂ ಏಜೆನ್ಸಿಯೇ. ಗಾಜಿನ ಕಟ್ಟಡದ ಒಳಗಿನ ಎಂಜಿನಿಯರ್ ಬಗ್ಗೆ ಮೂರು ದಿನ ಮಾತಾಡಿದೆವು, ಆ ಗಾಜು ಒರೆಸುವವರ ಬಗ್ಗೆ ಒಂದು ನಿಮಿಷವೂ ಇಲ್ಲ.

ಸ್ಥಳೀಯ ಅಂದರೆ ಯಾರು ಅನ್ನುವುದಕ್ಕೂ ಬರೋಣ. ಕರಡಿನ ಪ್ರಕಾರ ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲೇ ವಾಸ ಇರಬೇಕು, ಕನ್ನಡ ಮಾತಾಡೋಕೆ, ಓದೋಕೆ, ಬರೆಯೋಕೆ ಬರಬೇಕು. ಕೇಳೋಕೆ ಸರಿ ಅನ್ನಿಸುತ್ತದೆ. ಹಾಗಾದರೆ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿ ಮಂಗಳೂರಿಗೆ ಕೆಲಸ ಹುಡುಕಿಕೊಂಡು ಬರುವ ಹುಡುಗ? ಅಕ್ಕಲಕೋಟೆ, ಜತ್ತದ ಹಳ್ಳಿಗಳಲ್ಲಿ ಮಹಾರಾಷ್ಟ್ರದ ಒಳಗಿದ್ದೂ ಕನ್ನಡ ಶಾಲೆ ಉಳಿಸಿಕೊಂಡವರ ಮಕ್ಕಳು? ಸಿಇಟಿಯಲ್ಲಿ ಇವರಿಗೆ ಗಡಿನಾಡು, ಹೊರನಾಡು ಕನ್ನಡಿಗರು ಅಂತ ನೀವೇ ಅವಕಾಶ ಕೊಟ್ಟಿದ್ದೀರಿ. ಓದೋಕೆ ಬರುವಾಗ ಕನ್ನಡಿಗ, ಓದು ಮುಗಿಸಿ ಕೆಲಸ ಕೇಳುವಾಗ ಪರದೇಶಿಯಾ? ಹುಟ್ಟಿದ ಜಾಗದ ಷರತ್ತನ್ನು ಯಾರು ಬರೆದರೋ ಅವರು ಗಡಿ ಕಡೆ ಒಂದು ಸುತ್ತು ಹೋಗಿ ಬಂದಿದ್ದರೆ ಚೆನ್ನಾಗಿತ್ತು.

ನಮ್ಮವರೂ ಹೊರಗೆ ಹೋಗ್ತಾರೆ ಅನ್ನೋದನ್ನು ಸಂಘಟನೆಯವರು ಮರೆಯಬಾರದು. ಬಾಗಲಕೋಟೆ, ವಿಜಯಪುರ, ಗದಗದಿಂದ ಗೋವಾಕ್ಕೆ ದುಡಿಯೋಕೆ ಹೋದ ಕುಟುಂಬಗಳು ಎಷ್ಟಿಲ್ಲ! ವಾಸ್ಕೋದ ಬೈನಾದಲ್ಲಿ 2017ರಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಾವೆಲ್ಲ ಸಿಟ್ಟಾಗಿದ್ದೆವು. ಸಿಟ್ಟಾಗಲೇಬೇಕಿತ್ತು. ಅಲ್ಲಿನ ರಾಜಕಾರಣಿಗಳೂ ಸ್ಥಳೀಯರಿಗೆ ಕೆಲಸ ಅನ್ನುವ ಮಾತನ್ನೇ ಆಡ್ತಾರೆ. ನಾವು ಇಲ್ಲಿ ಬರೆಯುವ ಕಾನೂನನ್ನು ಪಣಜಿಯಲ್ಲೂ ಮುಂಬೈಯಲ್ಲೂ ಹೈದರಾಬಾದಿನಲ್ಲೂ ಹಾಗೆಯೇ ನಕಲು ಮಾಡಿದರೆ ನಮ್ಮ ಜನ ಏನಾಗ್ತಾರೆ ಅಂತ ಒಂದು ಸಲ ಯೋಚಿಸಿ. ಕಲಬುರಗಿ ಕಡೆಯವರು ಪುಣೆಗೆ, ಮುಂಬೈಗೆ ಹೋಗೋದು ಇವತ್ತೂ ನಿಂತಿಲ್ಲ.

ಭಾಷೆಯ ಅಡ್ಡಗಾಲು ತೆಗೆಯೋದು ಮಾತ್ರ ಪರ್ಸೆಂಟೇಜಿಗಿಂತ ಗಟ್ಟಿ ಕೆಲಸ ಅಂತ ನನ್ನ ಅಭಿಪ್ರಾಯ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನೇ ನೋಡಿ. 2014ರಲ್ಲಿ ಸ್ಥಳೀಯ ಭಾಷೆ ಗೊತ್ತಿರಬೇಕು ಅನ್ನುವ ನಿಯಮ ಸಡಿಲ ಆಯಿತು. ನಮ್ಮ ಊರಿನ ಬ್ಯಾಂಕಿನಲ್ಲಿ ಕನ್ನಡ ಬರುವವರು ಕಾಣೆಯಾಗತೊಡಗಿದರು. ಹೋರಾಟ ಆಯಿತು, ಪತ್ರ ಹೋದವು, ಸಂಸದರು ಮಾತಾಡಿದರು. 2019ರಲ್ಲಿ ಆ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸೋದಾಗಿ ಕೇಂದ್ರ ಹೇಳಿತು. 2023ರಲ್ಲಿ ಸಿಆರ್‌ಪಿಎಫ್‌ನಂಥ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ ಇದೇ ತೀರ್ಮಾನ ಆಯಿತು. ಯಾರನ್ನೂ ಹೊರಗೆ ಹಾಕಲಿಲ್ಲ, ಯಾವ ಕೋರ್ಟೂ ಅಡ್ಡ ಬರಲಿಲ್ಲ.

ಕಾರ್ಖಾನೆಯಲ್ಲೂ ಇದನ್ನೇ ಮಾಡಬಹುದು. ನನ್ನ ಹುಡುಗರು ವರ್ನಿಯರ್ ಹಿಡಿದು ನೂರರಲ್ಲಿ ಎರಡು ಭಾಗ ಮಿಲಿಮೀಟರ್ ಸರಿಯಾಗಿ ಅಳೀತಾರೆ. ಸಂದರ್ಶನದಲ್ಲಿ ಕೂತ ಸೂಪರ್‌ವೈಸರ್ ಹಿಂದಿಯಲ್ಲಿ ಕೇಳಿದರೆ ಬೆಬ್ಬೆಬ್ಬೆ ಅಂತಾರೆ. ಕೈಗೆ ಒಂದು ಬಿಡಿಭಾಗ ಕೊಟ್ಟು ‘ಅಳತೆ ಹೇಳು’ ಅಂದಿದ್ದರೆ ಮುಗೀತಿತ್ತು. ಸಂದರ್ಶನ ಕನ್ನಡದಲ್ಲೂ ಇರಲಿ, ಕೆಲಸದ ಜಾಹೀರಾತು ಕನ್ನಡದಲ್ಲಿ ಬರಲಿ, ಗೇಟಿನ ಹೊರಗಿನ ಬೋರ್ಡಿನಲ್ಲಿ ಖಾಲಿ ಜಾಗ ಎಷ್ಟು ಅಂತ ಇರಲಿ. ಹಾಗೆಯೇ ಮಿಷನ್ ಮೇಲಿನ ಎಚ್ಚರಿಕೆ ಫಲಕ ಕನ್ನಡದಲ್ಲೂ ಇರಲಿ, ಅಲ್ಲಿ ದುಡಿಯುವ ಒಡಿಶಾ, ಬಿಹಾರದವರಿಗೆ ಅರ್ಥವಾಗುವ ಭಾಷೆಯಲ್ಲೂ ಇರಲಿ. ಪ್ರೆಸ್ ಮಿಷನ್ ಬೆರಳು ತೆಗೆಯುವಾಗ ಊರು ಕೇಳೋದಿಲ್ಲ.

ಇನ್ನೊಂದು ವಿಷಯ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೆ ಏರಿಸಿದಿರಿ. 4,636 ಕೋಟಿ ರೂಪಾಯಿಯ ಯೋಜನೆ. 2022ರ ಜೂನ್‌ನಲ್ಲಿ ಪ್ರಧಾನಿಯವರೇ ಉದ್ಘಾಟನೆ ಮಾಡಿದರು. ಮಿಷನ್ನುಗಳು ಒಳ್ಳೆಯವು, ಸುಮ್ನೆ ಹೊಗಳುತ್ತಿಲ್ಲ. ಅಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಎಷ್ಟು ಸಂಬಳಕ್ಕೆ ಇದ್ದಾರೆ? ನಿರುದ್ಯೋಗ ಭತ್ಯೆಯ ಯುವನಿಧಿ ಯೋಜನೆಗೆ ಡಿಪ್ಲೊಮಾ ಆದವರಿಂದ, ಪದವೀಧರರಿಂದ ಅರ್ಜಿ ತೆಗೆದುಕೊಳ್ಳೋಕೆ ನಿಮ್ಮ ಹತ್ತಿರ ವ್ಯವಸ್ಥೆ ಇದೆ, 2024ರ ಜನವರಿಯಿಂದ ದುಡ್ಡೂ ಹಾಕ್ತಿದ್ದೀರಿ. ಹಾಗಿದ್ದರೆ ಯಾವ ತಾಲ್ಲೂಕಿನಲ್ಲಿ ಯಾವ ಓದು ಓದಿದವರು ಖಾಲಿ ಕೂತಿದ್ದಾರೆ ಅನ್ನುವ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರಬೇಕು. ಅದನ್ನು ಪಕ್ಕದ ಕೈಗಾರಿಕಾ ಪ್ರದೇಶದ ಬೇಡಿಕೆಯ ಜತೆ ಇಟ್ಟು ನೋಡೋಕೆ ಮಸೂದೆ ಬೇಕಾ?

ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದೆ. ಅದರ ಬಗ್ಗೆ ಯೂನಿಯನ್ನುಗಳ ತಕರಾರು ಬಹಳ ಇದೆ, ನನ್ನದೂ ಇದೆ. ಆದರೆ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲಿದೆ. ನಿಗದಿತ ಅವಧಿಗೆ ನೇಮಕ ಆದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಲೂ ಇದೆ. ರಾಜ್ಯದ ಪಾಲಿನ ನಿಯಮ ಬರೆಯೋದು, ಅದು ಪಾಲನೆ ಆಗುವ ಹಾಗೆ ನೋಡೋದು ನಿಮ್ಮ ಕೈಯಲ್ಲಿದೆ. ಒಂದೇ ಜಾಗದಲ್ಲಿ ದುಡಿಯುವವನ ಸೇವೆ ಏಜೆನ್ಸಿ ಬದಲಾದರೂ ತುಂಡಾಗಬಾರದು ಅನ್ನೋದಕ್ಕೆ ಏನು ದಾರಿ ಇದೆ, ಅದನ್ನು ಹುಡುಕಿ. ಮುಂದೆ ಸ್ಥಳೀಯರ ಮಸೂದೆ ಬಂದರೆ, ಗುತ್ತಿಗೆಯವನನ್ನು ಕಾಯಂ ಇರುವವನ ಜತೆ ಸೇರಿಸಿ ಒಂದೇ ಲೆಕ್ಕ ತೋರಿಸುವ ಹಾಗಿಲ್ಲ ಅನ್ನೋದು ಅದರಲ್ಲಿ ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಇರಲಿ. ಕಾರ್ಖಾನೆ ತಪಾಸಣೆ ಮಾಡುವ ಅಧಿಕಾರಿಗಳು ಎಷ್ಟು ಜನ ಇದ್ದಾರೆ, ಎಷ್ಟು ಹುದ್ದೆ ಖಾಲಿ ಇದೆ ಅನ್ನುವುದನ್ನೂ ಅದೇ ದಿನ ಸದನದಲ್ಲಿ ಹೇಳಿ. ನೋಡುವವರೇ ಇಲ್ಲದಿದ್ದರೆ ಶೇ 70 ಆದರೇನು, ಶೇ 7 ಆದರೇನು.

ವಿರೋಧ ಪಕ್ಷದವರಿಗೂ ಒಂದು ಮಾತು. ಮಸೂದೆ ಬಂದಾಗಲೂ ಟೀಕೆ ಮಾಡಿದಿರಿ, ತಡೆಹಿಡಿದಾಗಲೂ ಟೀಕೆ ಮಾಡಿದಿರಿ. ಎರಡರಲ್ಲಿ ನಿಮ್ಮ ನಿಲುವು ಯಾವುದು ಅಂತ ಬರವಣಿಗೆಯಲ್ಲಿ ಕೊಡಿ.

ಕೊನೆಯದಾಗಿ, ಚರ್ಚೆ ಹೇಗೆ ನಡೀಬೇಕು ಅನ್ನೋದು. ಮಸೂದೆ ಮತ್ತೆ ತರುವುದಾದರೆ ಕರಡನ್ನು ಮೊದಲೇ ಕನ್ನಡದಲ್ಲಿ ಪ್ರಕಟಿಸಿ, ಜನ ಓದೋಕೆ ಎರಡು ತಿಂಗಳು ಬಿಡಿ. ಎರಡೂ ಸದನದ ಎಲ್ಲ ಪಕ್ಷದವರ ಒಂದು ಸಮಿತಿ ಮಾಡಿ. ಆ ಸಮಿತಿ ವಿಧಾನಸೌಧದ ಕೊಠಡಿಯಲ್ಲಿ ಕೂತು ಉದ್ಯಮಿಗಳ ಸಂಘಗಳನ್ನು ಕರೆಸಿಕೊಂಡರೆ ಸಾಲದು. ನರಸಾಪುರಕ್ಕೆ ಬನ್ನಿ, ಬಿಡದಿಗೆ ಬನ್ನಿ, ದಾಬಸ್‌ಪೇಟೆಗೆ ಬನ್ನಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಮದ್ದೂರಿನ ಗಾರ್ಮೆಂಟ್ಸ್ ಗೇಟಿನ ಹತ್ತಿರ ಕೂರಿ. ಮಾತಾಡುವವರ ಹೆಸರು ಬರೆದುಕೊಳ್ಳಬೇಡಿ, ಏಜೆನ್ಸಿಯವನಿಗೆ ಗೊತ್ತಾದರೆ ಮರುದಿನ ಗೇಟ್ ಪಾಸ್ ಇರೋದಿಲ್ಲ. ಸಭೆ ಭಾನುವಾರ ಇಡಿ. ವಾರದ ದಿನ ಇಟ್ಟರೆ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅಟೆಂಡೆನ್ಸ್ ಬೋನಸ್ಸೂ ಕಟ್ ಆಗುತ್ತದೆ.

ಇಂತಿ,
ಒಬ್ಬ ನಿವೃತ್ತ ಐಟಿಐ ಶಿಕ್ಷಕ